ಸೈನ್ಯದ ಹಣ, ಸಣ್ಣ ಕಾರಖಾನೆಯ ವಿದ್ಯೆ: ಜನರ ಪಾಲೆಲ್ಲಿ?

ದೇಶದ ರಕ್ಷಣೆಗೆ ಬೇಕಾದ ಹೊಸ ಸಾಧನಗಳನ್ನು ದೊಡ್ಡ ಬಂಡವಾಳದ ಕಂಪನಿಗಳೇ ಕಂಡುಹಿಡಿಯಬೇಕೆಂಬ ನಿಯಮವೇನೂ ಇಲ್ಲ. ಎರಡು ಲೇಥು, ಒಂದು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡು ಹತ್ತು ಜನರೊಡನೆ ದುಡಿಯುವವನ ತಲೆಯಲ್ಲಿಯೂ ಅಂಥ ವಿಚಾರ ಹೊಳೆದೀತು. ಈ ಮಾತನ್ನು ಈಗ ಕೇಂದ್ರ ಸರಕಾರವೂ ಒಪ್ಪಿಕೊಂಡಿದೆ. 2018ರ ಏಪ್ರಿಲಿನಲ್ಲಿ ಚೆನ್ನೈಯ ರಕ್ಷಣಾ ಪ್ರದರ್ಶನದಲ್ಲಿ ಪ್ರಧಾನ ಮಂತ್ರಿಗಳು ಐಡೆಕ್ಸ್ ಎಂಬ ಯೋಜನೆಯನ್ನು ಆರಂಭಿಸಿದರು. ಸೈನ್ಯವು ತನ್ನ ಅಡಚಣೆ ಇಂಥದೆಂದು ಸಾರುತ್ತದೆ. ಸಣ್ಣ ಉದ್ಯಮದವರು, ಈಗಿನ ಮಾತಿನಲ್ಲಿ ಸ್ಟಾರ್ಟಪ್ ಎನಿಸಿಕೊಳ್ಳುವ ಹೊಸ ಕಂಪನಿಗಳವರು, ಒಬ್ಬಂಟಿ ಸಂಶೋಧಕರು ಅದಕ್ಕೆ ಪರಿಹಾರ ಸೂಚಿಸುತ್ತಾರೆ. ಆಯ್ಕೆಯಾದವರಿಗೆ ಒಂದೂವರೆ ಕೋಟಿ ರೂಪಾಯಿಯವರೆಗೆ ಅನುದಾನ ಸಿಗುತ್ತದೆ. 2022ರಲ್ಲಿ ಈ ಮಿತಿಯನ್ನು ಕೆಲವು ಕೆಲಸಗಳಿಗೆ 10 ಕೋಟಿಗೆ ಏರಿಸಿದರು. 2024ರ ಮಾರ್ಚಿನಲ್ಲಿ ಬಂದ ಅದಿತಿ ಎಂಬ ಯೋಜನೆಯಲ್ಲಿ ಅದು 25 ಕೋಟಿಯವರೆಗೆ ಹೋಯಿತು.

ಇದರಿಂದ ಬೈರಿದೇವರಕೊಪ್ಪದ ಕಾಮಗಾರನಿಗೇನು, ಅಮರಗೋಳದ ಮಾರ್ಕೆಟ್ಟಿನಲ್ಲಿ ಅಂಗಡಿ ಇಟ್ಟವನಿಗೇನು ಎಂದು ವಾಚಕರು ಕೇಳಬಹುದು. ಸಂಬಂಧ ಮೂರು ಬಗೆಯದು. ಮೊದಲನೆಯದಾಗಿ, ಹಣ ನಮ್ಮದು. ಸಾಬೂನಿನಿಂದ ಹಿಡಿದು ಸೈಕಲ್ಲಿನ ಟಾಯರಿನವರೆಗೆ ನಾವು ಕೊಡುವ ತೆರಿಗೆಯಿಂದ ಅದು ಬಂದದ್ದು. ಎರಡನೆಯದಾಗಿ, ಕೆಲಸ ನಮ್ಮದು; ಗೋಕುಲ ರಸ್ತೆಯಲ್ಲಿ, ತಾರಿಹಾಳದಲ್ಲಿ ಕಬ್ಬಿಣ ಕೊರೆಯುವ ಹುಡುಗರು ನಮ್ಮ ಮನೆಗಳಿಂದಲೇ ಬುತ್ತಿ ಕಟ್ಟಿಕೊಂಡು ಹೋಗುವವರು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಸೈನಿಕನ ಪ್ರಾಣ ಉಳಿಸಲೆಂದು ಕಂಡುಹಿಡಿದ ಸಾಧನವೇ ನಮ್ಮ ಸರಕಾರಿ ದವಾಖಾನೆಯ ಹಾಸಿಗೆಯಲ್ಲಿ ಮಲಗಿದವನ ಪ್ರಾಣವನ್ನೂ ಉಳಿಸಬಲ್ಲದು. ಅದು ಆ ಹಾಸಿಗೆಯವರೆಗೆ ಬರುತ್ತದೆಯೋ ಇಲ್ಲವೋ ಎಂಬುದೇ ಇಲ್ಲಿಯ ಪ್ರಶ್ನೆ.

ಸೈನಿಕನಿಗೆ ಕೊಟ್ಟದ್ದು ಹೆಚ್ಚಾಯಿತೆಂದು ನಾವು ಹೇಳುವವರಲ್ಲ. ಸೈನಿಕನು ಸಿರಿವಂತರ ಮನೆಯಿಂದ ಹೋದವನಲ್ಲ. ಒಕ್ಕಲಿಗನ ಮಗ, ಕೂಲಿಯವನ ಮಗ. ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದರನ್ನು ಯಾರು ಮರೆತಾರು? 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನಲ್ಲಿ ಹಿಮದ ಗುಡ್ಡೆ ಕುಸಿದು ಹತ್ತು ಜನ ಯೋಧರು ಹೂತುಹೋದರು. ಅವರಲ್ಲಿ ಹನುಮಂತಪ್ಪನವರೊಬ್ಬರೇ ಆರು ದಿನಗಳಾದ ಮೇಲೆ ಜೀವಂತ ಸಿಕ್ಕರು; ಫೆಬ್ರುವರಿ 11ರಂದು ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ದಿನ ಹುಬ್ಬಳ್ಳಿಯಲ್ಲಿ ಅತ್ತವರು ನಾವೇ. ಅಂಥ ಎತ್ತರದಲ್ಲಿ ಉಸಿರಾಡುವುದೇ ಕಷ್ಟ. ಅಲ್ಲಿ ನಿಲ್ಲುವವನಿಗೆ ಒಳ್ಳೆಯ ಬಟ್ಟೆ, ಒಳ್ಳೆಯ ಔಷಧ, ಸಾಕಷ್ಟು ಆಮ್ಲಜನಕ ಬೇಕೇ ಬೇಕು. ಅದಕ್ಕಾಗಿ ನಡೆಯುವ ಸಂಶೋಧನೆ ಪುಣ್ಯದ ಕೆಲಸವೇ ಸರಿ.

ಆದರೆ ಒಂದು ಸಂಗತಿಯನ್ನು ತುಸು ವಿವರವಾಗಿ ನೋಡೋಣ. ಬೆಂಗಳೂರಿನಲ್ಲಿ ಡೆಬೆಲ್ ಎಂಬ ರಕ್ಷಣಾ ಪ್ರಯೋಗಾಲಯವಿದೆ, 1982ರಲ್ಲಿ ಸ್ಥಾಪಿತವಾದದ್ದು. ವಿಮಾನ ಹಾರಿಸುವವನ, ಹಿಮಾಲಯದಲ್ಲಿ ಕಾವಲು ಕಾಯುವವನ ದೇಹಕ್ಕೆ ಬೇಕಾದ ಸಾಧನಗಳನ್ನು ರೂಪಿಸುವುದೇ ಅದರ ಕಸುಬು. ತೇಜಸ್ ಯುದ್ಧವಿಮಾನದ ಪೈಲಟ್ಟಿಗೆ ಹಾರಾಟದಲ್ಲಿಯೇ ಆಮ್ಲಜನಕ ತಯಾರಿಸಿಕೊಡುವ ಯಂತ್ರವನ್ನು ಈ ಪ್ರಯೋಗಾಲಯ ರೂಪಿಸಿತು. ಇದರ ಮರ್ಮ ಹತ್ತನೆಯ ಇಯತ್ತೆಯ ಹುಡುಗನಿಗೂ ತಿಳಿಯುವಂಥದು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಜಿಯೊಲೈಟ್ ಎಂಬ ಒಂದು ಬಗೆಯ ಹರಳು ಇದೆ. ಗಾಳಿಯನ್ನು ಒತ್ತಡದಿಂದ ಅದರೊಳಗೆ ಹಾಯಿಸಿದರೆ ಸಾರಜನಕವನ್ನು ಅದು ಹಿಡಿದುಕೊಳ್ಳುತ್ತದೆ. ಆಮ್ಲಜನಕ ಮುಂದೆ ಹರಿಯುತ್ತದೆ. ಒತ್ತಡ ಇಳಿಸಿದಾಗ ಹರಳು ತಾನು ಹಿಡಿದದ್ದನ್ನು ಬಿಟ್ಟುಕೊಟ್ಟು ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತದೆ. ಸಿಲಿಂಡರು ಹೊರುವ ಗರಜಿಲ್ಲ, ಮುಗಿದೀತೆಂಬ ಅಂಜಿಕೆಯಿಲ್ಲ. ಗಾಳಿ ಇರುವತನಕ, ಯಂತ್ರಕ್ಕೆ ಶಕ್ತಿ ಇರುವತನಕ ಆಮ್ಲಜನಕ ಬರುತ್ತಲೇ ಇರುತ್ತದೆ.

ಇದೇ ವಿದ್ಯೆಯಿಂದ ನೆಲದ ಮೇಲೆ ನಿಲ್ಲಿಸುವ ದೊಡ್ಡ ಘಟಕಗಳನ್ನೂ ಮಾಡಬಹುದು. ಮಾಡಿಯೂ ಇದ್ದರು. ಈಶಾನ್ಯ ಭಾರತದಲ್ಲಿ, ಲೇಹ್-ಲಡಾಖಿನಲ್ಲಿ ಸೈನ್ಯದ ಕೆಲವು ನೆಲೆಗಳಲ್ಲಿ ಅವುಗಳನ್ನು ಕೂಡಿಸಿದ್ದರು. ಮಿನಿಟಿಗೆ 1,000 ಲೀಟರ್ ಆಮ್ಲಜನಕ ಕೊಡುವಂತೆ ರೂಪಿಸಿದ ಒಂದು ಘಟಕದಿಂದ, ತಲೆಗೆ 5 ಲೀಟರಿನಂತೆ 190 ರೋಗಿಗಳಿಗೆ ಉಸಿರು ಒದಗಿಸಬಹುದೆಂದು ರಕ್ಷಣಾ ಸಂಶೋಧನಾ ಸಂಸ್ಥೆಯೇ ಲೆಕ್ಕ ಕೊಟ್ಟಿತು.

ಈಗ ಇನ್ನೊಂದು ಊರಿನ ಕಡೆಗೆ ನೋಡಬೇಕು. ಚಾಮರಾಜನಗರ ನಮ್ಮದೇ ರಾಜ್ಯದ ಜಿಲ್ಲಾ ಸ್ಥಳ; ಬೆಂಗಳೂರಿನಿಂದ ಅರ್ಧ ದಿನದ ದಾರಿ. 2021ರ ಮೇ 2ರಿಂದ 3ರವರೆಗಿನ ಇಪ್ಪತ್ತನಾಲ್ಕು ತಾಸುಗಳಲ್ಲಿ ಅಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ರೋಗಿಗಳು ಸತ್ತರು. ಆ ಆಸ್ಪತ್ರೆಗೆ ಆಮ್ಲಜನಕದ ಸಿಲಿಂಡರುಗಳು ಮೈಸೂರಿನಿಂದ ಬರಬೇಕಿತ್ತು. ಕೊರತೆ ಯಾರ ತಪ್ಪಿನಿಂದಾಯಿತೆಂದು ವಿಚಾರಿಸಲು ರಾಜ್ಯದ ಹೈಕೋರ್ಟು ಸಮಿತಿಯನ್ನೇ ನೇಮಿಸಬೇಕಾಯಿತು. ಜಿಲ್ಲಾಧಿಕಾರಿ ಏನು ಮಾಡಿದರು, ಗುತ್ತಿಗೆದಾರ ಏನು ಮಾಡಿದ ಎಂಬುದರ ಚರ್ಚೆ ಬೇಕಾದಷ್ಟು ನಡೆಯಿತು. ಚರ್ಚೆಯಾಗದೆ ಉಳಿದ ಮಾತೊಂದಿದೆ. ಗಾಳಿಯಿಂದ ಆಮ್ಲಜನಕ ತೆಗೆಯುವ ವಿದ್ಯೆ ನಮ್ಮ ರಾಜಧಾನಿಯಲ್ಲಿಯೇ ಇತ್ತು, ಪ್ರಜೆಗಳ ಹಣದಿಂದಲೇ ಅದು ಸಿದ್ಧವಾಗಿತ್ತು, ಲಡಾಖಿನ ತನಕ ಹೋಗಿತ್ತು. ಚಾಮರಾಜನಗರದ ತನಕ ಹೋಗಿರಲಿಲ್ಲ. ಏಕೆ? ಅದನ್ನು ಅಲ್ಲಿಗೆ ಮುಟ್ಟಿಸುವುದು ಯಾರ ಕೆಲಸವೂ ಆಗಿರಲಿಲ್ಲ. ಅಂಥ ನಿಯಮವೇ ಇರಲಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ಇದೆ. ಇಲ್ಲಿ ಆದದ್ದು ಅದೇ. 2021ರ ಏಪ್ರಿಲ್ ಕೊನೆಗೆ, ಹೆಣಗಳು ಬೀಳತೊಡಗಿದ ಮೇಲೆ, ಪಿಎಂ ಕೇರ್ಸ್ ನಿಧಿಯಿಂದ ಮೂರು ತಿಂಗಳಲ್ಲಿ 500 ಘಟಕಗಳನ್ನು ಕೂಡಿಸುವ ನಿರ್ಧಾರವಾಯಿತು. ಅವುಗಳಲ್ಲಿ 380 ಘಟಕಗಳು ರಕ್ಷಣಾ ಸಂಶೋಧನಾ ಸಂಸ್ಥೆಯ ಪಾಲಿಗೆ ಬಂದವು. ಆ 380ರಲ್ಲಿ 332ಕ್ಕೆ ಟಾಟಾ ಮನೆತನದ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಕಂಪನಿಗೆ ಆರ್ಡರು ಹೋಯಿತು. ಉಳಿದ 48ಕ್ಕೆ ಕೊಯಮತ್ತೂರಿನ ಟ್ರೈಡೆಂಟ್ ನ್ಯುಮ್ಯಾಟಿಕ್ಸಿಗೆ. ಆಪತ್ಕಾಲದಲ್ಲಿ ಬೇಗ ಮಾಡಿಕೊಡಬಲ್ಲವರಿಗೆ ಕೊಟ್ಟರೆಂದು ಸಮರ್ಥಿಸಬಹುದು, ಒಪ್ಪೋಣ. ಆದರೆ ಐದು ವರುಷ ಮೊದಲೇ ಹತ್ತೂರಿನ ಹತ್ತು ಸಣ್ಣ ಕಾರಖಾನೆಗಳಿಗೆ ಈ ವಿದ್ಯೆಯನ್ನು ಕಲಿಸಿ, ವರುಷಕ್ಕೆ ಇಷ್ಟು ಜಿಲ್ಲಾ ಆಸ್ಪತ್ರೆಗಳಿಗೆಂದು ಆರ್ಡರು ಕೊಡುತ್ತ ಬಂದಿದ್ದರೆ ಆ ಅವಸರವೇ ಬೀಳುತ್ತಿರಲಿಲ್ಲ. ಅವಸರದಲ್ಲಿ ಯಾವಾಗಲೂ ದೊಡ್ಡವನೇ ಗೆಲ್ಲುತ್ತಾನೆ, ಏಕೆಂದರೆ ಸಿದ್ಧವಾಗಿ ಕಾಯುವ ಶಕ್ತಿ ಅವನಿಗಿದೆ.

ಇನ್ನೊಂದು ಲೆಕ್ಕ ಮಾಡಿ ನೋಡೋಣ. ಎತ್ತರದ ಗಡಿಗಳಲ್ಲಿಯ ಯೋಧರಿಗಾಗಿ ಅದೇ ಡೆಬೆಲ್ ಇನ್ನೊಂದು ಸಾಧನವನ್ನು ರೂಪಿಸಿತ್ತು. ರಕ್ತದಲ್ಲಿಯ ಆಮ್ಲಜನಕವನ್ನು ಅಳೆದು, ಎಷ್ಟು ಬೇಕೋ ಅಷ್ಟನ್ನೇ ಬಿಡುವ ಸಾಧನ ಅದು. ಆಮ್ಲಜನಕ ಪೋಲಾಗದು, ದಾದಿಯರಿಗೆ ಮೇಲಿಂದ ಮೇಲೆ ಬಂದು ತಿರುಗಣಿ ತಿರುಗಿಸುವ ದಗದವೂ ಕಡಿಮೆ. 2021ರ ಮೇ ತಿಂಗಳಲ್ಲಿ ಇಂಥ ಒಂದೂವರೆ ಲಕ್ಷ ಸಾಧನಗಳಿಗೆಂದು 322 ಕೋಟಿ 50 ಲಕ್ಷ ರೂಪಾಯಿ ಮಂಜೂರಾಯಿತು. ಭಾಗಿಸಿದರೆ ಒಂದಕ್ಕೆ ಸರಾಸರಿ 21,500 ರೂಪಾಯಿ ಬೀಳುತ್ತದೆ. ಒಂದು ಹಳೆಯ ಮೋಟಾರ್ ಸೈಕಲ್ಲಿನ ಬೆಲೆ. ಇಷ್ಟು ಅಗ್ಗದ ವಸ್ತು ತಾಲೂಕಿನ ದವಾಖಾನೆಗೆ ಬರಲು ಒಂದು ಮಹಾಮಾರಿ ಬರಬೇಕಾಯಿತೆ?

ಈಗ ಮೈಸೂರಿನ ಕಥೆ. ಅಲ್ಲಿ ಸ್ಕ್ಯಾನ್‌ರೇ ಎಂಬ ವೈದ್ಯಕೀಯ ಯಂತ್ರಗಳ ಕಂಪನಿ ಇದೆ. ಸಾವಿರಾರು ಕೋಟಿಯ ಮನೆತನವೇನೂ ಅಲ್ಲ. 2020ರಲ್ಲಿ ಕೋವಿಡ್ ಹಬ್ಬಿದಾಗ ಅದರ ವೆಂಟಿಲೇಟರಿನ ವಿನ್ಯಾಸವನ್ನು ತೆಗೆದುಕೊಂಡು, ರಕ್ಷಣಾ ಸಂಶೋಧನಾ ಸಂಸ್ಥೆಯ ಸಹಾಯದಿಂದ, ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ 30,000 ವೆಂಟಿಲೇಟರುಗಳ ತಯಾರಿಕೆಗೆ ಇಳಿಯಿತು. ರಾಡಾರು, ಸೈನ್ಯದ ರೇಡಿಯೋ ಮಾಡುತ್ತಿದ್ದ ಸರಕಾರಿ ಕಾರಖಾನೆಯ ಕಾಮಗಾರರು ಕೆಲವೇ ವಾರಗಳಲ್ಲಿ ಉಸಿರಾಟದ ಯಂತ್ರ ಕಟ್ಟಲು ಕಲಿತರು. ವಿಮಾನ ಸಂಶೋಧನೆಯ ಎನ್‌ಎಎಲ್ ಸಂಸ್ಥೆಯೂ ಆಗಲೇ 36 ದಿನಗಳಲ್ಲಿ ಸ್ವಸ್ಥವಾಯು ಎಂಬ ಉಸಿರಾಟದ ಸಾಧನವನ್ನು ರೂಪಿಸಿ, ಅದರ ವಿದ್ಯೆಯನ್ನು ಹಲವು ಸಣ್ಣ ಉದ್ಯಮಗಳಿಗೆ ಕೊಟ್ಟಿತು. ಸಾರ್ವಜನಿಕ ವಲಯ ಸೋಮಾರಿಗಳ ಛತ್ರವೆಂದು ಹೀಯಾಳಿಸುವವರು ಇದನ್ನು ಒಮ್ಮೆ ಓದಿಕೊಳ್ಳಲಿ. ಸಣ್ಣ ಕಂಪನಿಯ ವಿದ್ಯೆ, ಸರಕಾರದ ಪ್ರಯೋಗಾಲಯ, ಸಾರ್ವಜನಿಕ ಕಾರಖಾನೆಯ ಕೈಗಳು ಕೂಡಿದಾಗ ಆಗದ ಕೆಲಸವಿಲ್ಲ.

ಈ ಕಥೆಯಲ್ಲಿ ಹುಬ್ಬಳ್ಳಿಯವರು ಕಿವಿಗೊಟ್ಟು ಕೇಳಬೇಕಾದ ಒಂದು ಭಾಗವಿದೆ. ವೆಂಟಿಲೇಟರಿನ ಪ್ರಾಣವಿರುವುದು ಅದರೊಳಗಿನ ಚಿಕ್ಕ ಚಿಕ್ಕ ವಾಲ್ವುಗಳಲ್ಲಿ. ರೋಗಿಯ ಪುಪ್ಪುಸಕ್ಕೆ ಎಷ್ಟು ಗಾಳಿ, ಯಾವಾಗ, ಎಂಥ ಒತ್ತಡದಲ್ಲಿ ಹೋಗಬೇಕೆಂಬುದನ್ನು ಅವು ಅಳೆದು ಬಿಡುತ್ತವೆ. ಆ ವಾಲ್ವುಗಳು, ಗಾಳಿಯ ಓಟವನ್ನು ಅಳೆಯುವ ಸೆನ್ಸರುಗಳು ಅದುವರೆಗೆ ಹೊರದೇಶಗಳಿಂದ ಬರುತ್ತಿದ್ದವು. ದಾರಿ ಕಟ್ಟಿದಾಗ ಅವುಗಳನ್ನು ಇಲ್ಲಿಯೇ ಮಾಡಲು ಓಡಾಡಬೇಕಾಯಿತು. ವಾಲ್ವು ಮಾಡುವುದಕ್ಕೆ ಹೆಸರಾದ ಊರು ನಮ್ಮದು. ನಮ್ಮ ಕೈಯ ವಾಲ್ವುಗಳು ಎಣ್ಣೆಯ ಕಾರಖಾನೆಗಳಲ್ಲಿ, ನೀರಿನ ಕೊಳವೆಗಳಲ್ಲಿ ಕೆಲಸ ಮಾಡುತ್ತಿವೆ. ಬೆರಳ ತುದಿಯಷ್ಟು ವಾಲ್ವು ಬೇರೆ ನಾಜೂಕಿನ ಕೆಲಸ, ನಿಜ. ಆದರೆ ಅದನ್ನು ಕಲಿಯಲಾರದಷ್ಟು ಹೆಡ್ಡರು ನಮ್ಮ ಟರ್ನರು-ಫಿಟ್ಟರುಗಳಲ್ಲ. ಪಕ್ಕದ ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ಏಕಸ್ ಕಂಪನಿಯ ಆವರಣದಲ್ಲಿ ನಮ್ಮ ಸೀಮೆಯ ಹುಡುಗರೇ ಏರ್‌ಬಸ್ ವಿಮಾನಗಳ ಭಾಗಗಳನ್ನು ಮಾಡುತ್ತಿಲ್ಲವೆ? ಕಲಿಸುವವರು ಬೇಕು, ಪರೀಕ್ಷಿಸುವ ಸಾಧನ ಬೇಕು, ಮಾಡಿದ್ದನ್ನು ಕೊಳ್ಳುವವರು ಬೇಕು. ಈ ಮೂರೂ ಇಲ್ಲದೆ ಬರಿಯ ಸ್ಪರ್ಧೆಯ ಜಾಹೀರಾತು ಕೊಟ್ಟರೆ ಏನಾದೀತು?

ಕೊಂಡರೆ ಮುಗಿಯಿತೆಂದೂ ತಿಳಿಯಬೇಕಾಗಿಲ್ಲ. 2021ರ ಮೇ ತಿಂಗಳಲ್ಲಿ ಹಲವು ರಾಜ್ಯಗಳಲ್ಲಿ ಕೇಂದ್ರವು ಕಳಿಸಿದ ವೆಂಟಿಲೇಟರುಗಳು ಉಗ್ರಾಣದಲ್ಲಿ ಬಿದ್ದಿವೆಯೆಂದು ಸುದ್ದಿ ಬಂತು. ಪ್ರಧಾನ ಮಂತ್ರಿಗಳೇ ಅವುಗಳ ತಪಾಸಣೆಗೆ ಆಜ್ಞೆ ಮಾಡಬೇಕಾಯಿತು. ನಡೆಸಬಲ್ಲವರಿಲ್ಲದೆ, ಕೆಟ್ಟರೆ ದುರಸ್ತಿ ಮಾಡುವವರಿಲ್ಲದೆ ಯಂತ್ರ ಏನು ಮಾಡೀತು? ಗಿರಣಿಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗ ಎಷ್ಟೇ ಹೊಸದಿರಲಿ, ಜಾಬರ್ ಇಲ್ಲದ ಪಾಳಿಯಲ್ಲಿ ಅದು ಕಬ್ಬಿಣದ ರಾಶಿಯೇ.

ಇನ್ನು ಗಾಯದ ಮಾತು. ರಣರಂಗದಲ್ಲಿ ಸಾಯುವವರಲ್ಲಿ ಬಹಳ ಜನ ರಕ್ತ ಸೋರಿಯೇ ಸಾಯುತ್ತಾರೆ. ಅದನ್ನು ತಡೆಯಲು ಅಮೆರಿಕೆಯ ಓರೆಗನ್ ರಾಜ್ಯದ ಹೆಮ್‌ಕಾನ್ ಎಂಬ ಚಿಕ್ಕ ಕಂಪನಿ, ಸೈನ್ಯದ ಹಣದ ನೆರವಿನಿಂದ, ಸೀಗಡಿಯ ಚಿಪ್ಪಿನಿಂದ ತೆಗೆದ ಕೈಟೊಸಾನ್ ಎಂಬ ವಸ್ತುವಿನ ಗಾಯಪಟ್ಟಿಯನ್ನು ಮಾಡಿತು. 2002ರಲ್ಲಿ ಅದಕ್ಕೆ ಅಲ್ಲಿಯ ಸರಕಾರದ ಒಪ್ಪಿಗೆ ದೊರೆಯಿತು. ನಮ್ಮ ದೇಶದಲ್ಲಿಯೂ ಆಕ್ಸಿಯೊ ಬಯೊಸಲ್ಯೂಷನ್ಸ್ ಎಂಬ ಹೊಸ ಕಂಪನಿ ಅದೇ ಜಾತಿಯ ಆಕ್ಸಿಯೊಸ್ಟಾಟ್ ಎಂಬ ಪಟ್ಟಿಯನ್ನು ತಯಾರಿಸಿತು. ನಮ್ಮ ಸೈನ್ಯವೂ ಅರೆಸೈನಿಕ ಪಡೆಗಳೂ ಅದನ್ನು ಉಪಯೋಗಿಸಿವೆ. ಗಾಯದ ಮೇಲೆ ಒತ್ತಿ ಹಿಡಿದರೆ ಕೆಲವೇ ಮಿನಿಟುಗಳಲ್ಲಿ ರಕ್ತ ನಿಲ್ಲುತ್ತದೆ.

ರಕ್ತ ಸೋರಿ ಸಾಯುವುದು ಗಡಿಯಲ್ಲಿ ಮಾತ್ರವೆ? ಹುಬ್ಬಳ್ಳಿ-ಧಾರವಾಡ ಬೈಪಾಸನ್ನು ನೋಡಿರಿ. 2021ರ ಜನವರಿ 15ರಂದು ಇಟಗಟ್ಟಿಯ ಹತ್ತಿರ ಟಿಪ್ಪರು ಡಿಕ್ಕಿ ಹೊಡೆದು, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಹತ್ತಕ್ಕೂ ಹೆಚ್ಚು ಜನ, ಬಹುತೇಕ ಹೆಣ್ಣುಮಕ್ಕಳು, ಪ್ರಾಣ ಕಳೆದುಕೊಂಡರು. ಅಂಥ ಅಪಘಾತದಲ್ಲಿ ಯಾವ ಪಟ್ಟಿಯೂ ಎಲ್ಲರನ್ನೂ ಉಳಿಸಲಾರದು. ಆದರೆ ಟ್ರಾಕ್ಟರಿನಿಂದ ಬಿದ್ದವನು, ಯಂತ್ರಕ್ಕೆ ಕೈ ಕೊಟ್ಟವನು, ಸೈಕಲ್ಲಿನ ಮೇಲೆ ಹೋಗುವಾಗ ಲಾರಿಗೆ ಸಿಕ್ಕವನು ದವಾಖಾನೆ ಮುಟ್ಟುವತನಕ ಬದುಕಿರಬೇಕಾದರೆ ರಕ್ತ ನಿಲ್ಲಬೇಕು. ಸೈನಿಕನ ಚೀಲದಲ್ಲಿರುವ ಗಾಯಪಟ್ಟಿ ಪ್ರತಿಯೊಂದು 108 ಆಂಬುಲೆನ್ಸಿನಲ್ಲಿ, ಪ್ರತಿಯೊಂದು ಕಾರಖಾನೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಏಕೆ ಇರಬಾರದು?

ಕಾಲಿನ ವಿಷಯವೂ ಹೀಗೆಯೇ. 2025ರ ಜುಲೈ 14ರಂದು ಹೈದರಾಬಾದಿನ ರಕ್ಷಣಾ ಪ್ರಯೋಗಾಲಯ ಮತ್ತು ಬೀಬಿನಗರದ ಏಮ್ಸ್ ಆಸ್ಪತ್ರೆ ಕೂಡಿ ಇಂಗಾಲದ ನಾರಿನ ಕೃತಕ ಪಾದವೊಂದನ್ನು ಬಿಡುಗಡೆ ಮಾಡಿದವು. 125 ಕಿಲೋ ತೂಕದವರೆಗೆ ಪರೀಕ್ಷಿಸಿದ್ದಾರೆ. ಹೊರದೇಶದಿಂದ ತರಿಸಿದರೆ ಸುಮಾರು ಎರಡು ಲಕ್ಷ ರೂಪಾಯಿ ಬೀಳುವ ವಸ್ತುವನ್ನು 20,000ದೊಳಗೆ ತಯಾರಿಸಬಹುದಂತೆ. ಕ್ಷಿಪಣಿಗಳ ಕೆಲಸದಲ್ಲಿ ಕಲಿತ ವಿದ್ಯೆ ಕಾಲು ಕಳೆದುಕೊಂಡವನನ್ನು ನಡೆಸುತ್ತದೆ. ಒಳ್ಳೆಯದು, ಬಹಳ ಒಳ್ಳೆಯದು. ಆದರೆ ತಯಾರಿಕೆಯ ಖರ್ಚು 20,000 ಎಂದ ಮಾತ್ರಕ್ಕೆ ಅದು ಕೊಳ್ಳುವವನಿಗೆ 20,000ಕ್ಕೆ ಸಿಕ್ಕೀತೆಂದು ಯಾರು ಹೇಳಬಲ್ಲರು? ಜನರ ಹಣದಿಂದ ಹುಟ್ಟಿದ ವಸ್ತುವಿನ ಬೆಲೆಗೆ ಒಂದು ಮಿತಿಯನ್ನು ಮೊದಲೇ ಬರೆದಿಡದಿದ್ದರೆ ನಡುವಿನ ಲಾಭವೆಲ್ಲ ಮಾರುವವನಿಗೆ ಹೋದೀತು. ಹುಬ್ಬಳ್ಳಿಯಲ್ಲಿ ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಸರಕಾರಿ ದವಾಖಾನೆಯ ಬಾಗಿಲಿಗೆ, ಹಾವೇರಿ-ಗದಗಿನಿಂದ ಕಟ್ಟಿಗೆಯೂರಿಕೊಂಡು ಬರುವವರನ್ನು ನೋಡಿದವರಿಗೆ ಈ ಚಿಂತೆ ಏನೆಂದು ಗೊತ್ತು.

ಮೂಲದ ಪ್ರಶ್ನೆಯೊಂದು ಇದೆ. ಆರೋಗ್ಯದ ಸಾಧನ ಸೈನ್ಯದ ಬಾಗಿಲಿನಿಂದಲೇ ಏಕೆ ಬರಬೇಕು? ಉತ್ತರ ಮುಂಗಡಪತ್ರದಲ್ಲಿದೆ. 2025-26ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ ಇಟ್ಟದ್ದು ಸುಮಾರು 26,800 ಕೋಟಿ ರೂಪಾಯಿ. ಆರೋಗ್ಯ ಸಂಶೋಧನೆಯ ಇಲಾಖೆಗೆ ಇಟ್ಟದ್ದು ಸುಮಾರು 3,900 ಕೋಟಿ. ಒಂದಕ್ಕೆ ಏಳರ ಪ್ರಮಾಣ. ಹಣ ಎಲ್ಲಿದೆಯೋ ಅಲ್ಲಿ ಬುದ್ಧಿವಂತರು ಸೇರುತ್ತಾರೆ. ಹೀಗಾಗಿ ಯುದ್ಧಕ್ಕೆ ಉಪಯೋಗವಾದೀತೆಂದು ತೋರಿಸದ ಹೊರತು ಒಬ್ಬ ಬಡ ಸಂಶೋಧಕನಿಗೆ ಜೀವ ಉಳಿಸುವ ಯಂತ್ರ ಕಟ್ಟಲು ಹಣ ಸಿಗುವುದು ಕಠಿಣವಾಗಿದೆ. ಇದು ಸುಧಾರಿಸಬೇಕಾದ ಮಾತು. ಆದರೆ ಅದು ಒಂದು ದಿನದಲ್ಲಿ ಆಗುವುದಲ್ಲ. ಅಲ್ಲಿಯವರೆಗೆ ಸೈನ್ಯದ ಸಂಶೋಧನೆಯಿಂದ ಬಂದದ್ದರಲ್ಲಿ ಜನರ ಪಾಲನ್ನು ಕೇಳಿ ಪಡೆಯುವುದು ನಮ್ಮ ಹಕ್ಕು.

ಅಮೆರಿಕೆ ಬಂಡವಾಳಗಾರರ ದೇಶ. ಅಲ್ಲಿಯೂ 1982ರಲ್ಲಿ ಸಣ್ಣ ಉದ್ಯಮಗಳ ಸಂಶೋಧನೆಗೆ ಒಂದು ಕಾಯದೆಯಾಯಿತು. ಹೊರಗಿನವರಿಂದ ದೊಡ್ಡ ಪ್ರಮಾಣದಲ್ಲಿ ಸಂಶೋಧನೆ ಮಾಡಿಸುವ ಪ್ರತಿಯೊಂದು ಕೇಂದ್ರ ಇಲಾಖೆ ತನ್ನ ಆ ಹಣದಲ್ಲಿ ಇಷ್ಟು ಪಾಲನ್ನು ಸಣ್ಣವರಿಗೇ ಮೀಸಲಿಡಬೇಕೆಂಬ ಕಟ್ಟಳೆ. ಮೊದಲು ನೂರಕ್ಕೆ ಒಂದರ ಐದನೆಯ ಪಾಲಿನಿಂದ ಆರಂಭವಾಗಿ, 2017ರ ಹೊತ್ತಿಗೆ ಅದು ನೂರಕ್ಕೆ 3.2 ಆಯಿತು. ಸೈನ್ಯದ ಇಲಾಖೆಯದೇ ಅದರಲ್ಲಿ ಹೆಚ್ಚಿನ ಪಾಲು, ನಿಜ. ಆದರೆ ಆರೋಗ್ಯದ ಇಲಾಖೆಯೂ ಅದೇ ಕಟ್ಟಳೆಗೆ ಒಳಗಾಯಿತು. ಇಲ್ಲಿ ನಾವು ಗಮನಿಸಬೇಕಾದದ್ದು, ಅಲ್ಲಿ ಸಣ್ಣವನ ಪಾಲನ್ನು ಮಂತ್ರಿಯ ಮರ್ಜಿಗೆ ಬಿಡದೆ ಕಾಯದೆಯಲ್ಲಿ ಬರೆದರೆಂಬುದನ್ನು.

ನಮ್ಮಲ್ಲಿ? 2005ರಲ್ಲಿ ಜೈವಿಕ ತಂತ್ರಜ್ಞಾನದ ಇಲಾಖೆ ಸಣ್ಣ ಉದ್ಯಮಗಳಿಗಾಗಿ ಇಂಥದೊಂದು ಯೋಜನೆಯನ್ನು ತಂದಿತು. 2022-23ರ ಮುಂಗಡಪತ್ರದ ಭಾಷಣದಲ್ಲಿ ಹಣಕಾಸಿನ ಮಂತ್ರಿಗಳು ರಕ್ಷಣಾ ಸಂಶೋಧನೆಯ ಹಣದಲ್ಲಿ ನೂರಕ್ಕೆ 25ನ್ನು ಹೊರಗಿನವರಿಗೆ ತೆರೆಯುತ್ತೇವೆಂದರು. ಹೊರಗಿನವರೆಂದರೆ ಯಾರು? ಉದ್ಯಮ, ಸ್ಟಾರ್ಟಪ್, ವಿದ್ಯಾಸಂಸ್ಥೆಗಳು. ಉದ್ಯಮ ಎಂಬ ಒಂದು ಶಬ್ದದಲ್ಲಿ ಟಾಟಾನೂ ಇದ್ದಾನೆ, ಗೋಕುಲ ರಸ್ತೆಯ ಶೆಡ್ಡಿನವನೂ ಇದ್ದಾನೆ. ಆನೆಗೂ ಆಡಿಗೂ ಒಂದೇ ದೋಣಿಯಲ್ಲಿ ಮೇವು ಹಾಕಿದರೆ ಆಡಿಗೆ ಎಷ್ಟು ಉಳಿದೀತೆಂದು ಹೇಳಬೇಕಾಗಿಲ್ಲ. ಐಡೆಕ್ಸಿಗೆ 2021ರಿಂದ ಐದು ವರುಷಗಳಿಗೆ ಇಟ್ಟದ್ದು 498 ಕೋಟಿ 80 ಲಕ್ಷ. ಗುರಿ ಸುಮಾರು 300 ಹೊಸ ಕಂಪನಿಗಳು.

ಅನುದಾನವೂ ಪೂರ್ತಿ ಅನುದಾನವಲ್ಲ. ಖರ್ಚಿನ ಅರ್ಧವನ್ನು ಕಂಪನಿಯವನು ತಾನು ಹಾಕಬೇಕು. ಒಂದೂವರೆ ಕೋಟಿ ಪಡೆಯಲು ಒಂದೂವರೆ ಕೋಟಿ ತೋರಿಸಬೇಕು. ಮನೆ ಒತ್ತೆಯಿಟ್ಟು ಯಂತ್ರ ಕೊಂಡವನು ಅದನ್ನು ಎಲ್ಲಿಂದ ತಂದಾನು? ಹಣವಿದ್ದವನ ಮಗ, ಇಲ್ಲವೆ ಹಣವಿದ್ದವರಿಗೆ ತನ್ನ ಕಂಪನಿಯ ಪಾಲನ್ನು ಮಾರಲು ಒಪ್ಪಿದವನು ಮಾತ್ರ ಮುಂದೆ ಬಂದಾನು. ಅಷ್ಟೆಲ್ಲ ಮಾಡಿ ಮಾದರಿ ಸಿದ್ಧವಾದ ಮೇಲೆ ಪರೀಕ್ಷೆಗಳು. ಪರೀಕ್ಷೆಗಳಾದ ಮೇಲೆ ಆರ್ಡರಿನ ದಾರಿ ಕಾಯುವುದು. ಆರ್ಡರು ಬಂದ ಮೇಲೆ ಬಿಲ್ಲಿನ ದಾರಿ ಕಾಯುವುದು. 2006ರ ಸಣ್ಣ ಉದ್ಯಮಗಳ ಕಾಯದೆಯಂತೆ 45 ದಿನಗಳಲ್ಲಿ ಹಣ ಸಂದಾಯವಾಗಬೇಕು. ತಪ್ಪಿದರೆ ಬಡ್ಡಿ ಕೊಡಬೇಕು. ಕಾಯದೆ ಚೆನ್ನಾಗಿದೆ. ಆದರೆ ನಾಳೆ ಮತ್ತೆ ಆರ್ಡರು ಬೇಕಾದವನು ಇಂದು ಬಡ್ಡಿ ಕೇಳುವ ಧೈರ್ಯ ಮಾಡಾನೆ? ಉದ್ರಿ ಎಂದರೇನೆಂಬುದನ್ನು ನಮ್ಮ ವ್ಯಾಪಾರಸ್ಥ ಬಂಧುಗಳಿಗೆ ತಿಳಿಸಬೇಕಾಗಿಲ್ಲ. ಗಿರಾಕಿ ಸರಕಾರವಾದರೆ ಉದ್ರಿಯ ಭಾರ ಇನ್ನೂ ಹೆಚ್ಚು.

ಸಣ್ಣ ಕಾರಖಾನೆಯ ಮಾಲಿಕನ ಪರವಾಗಿ ಇಷ್ಟು ವಾದಿಸಿದೆವೆಂದು ಅಲ್ಲಿ ದುಡಿಯುವವನನ್ನು ನಾವು ಮರೆಯುವಂತಿಲ್ಲ. ಕ್ಷಿಪಣಿಯ ಭಾಗ ಕೊರೆಯುವ ಹುಡುಗನಿಗೆ ಕೆಲಸದ ಪತ್ರವಿಲ್ಲ, ಭವಿಷ್ಯ ನಿಧಿಯಿಲ್ಲ, ಕೈಗೆ ಪೆಟ್ಟಾದರೆ ಇಎಸ್‌ಐ ಚೀಟಿಯಿಲ್ಲ ಎಂದಾದರೆ ಅಂಥ ಆಧುನಿಕ ವಿದ್ಯೆಗೆ ಧಿಕ್ಕಾರವಿರಲಿ. ಜನರ ಹಣ ಪಡೆದ ಕಾರಖಾನೆಯಲ್ಲಿ ಜನರ ಕಾಯದೆ ನಡೆಯಬೇಕು.

ನಮ್ಮ ಮಾತಿಗೆ ಎರಡು ಆಕ್ಷೇಪಣೆಗಳು ಬರುತ್ತವೆ. ಒಂದು, ಸೈನ್ಯದ ವಿದ್ಯೆ ಗುಪ್ತವಾಗಿರಬೇಕೆಂಬುದು. ಆಯುಧದ ವಿಷಯದಲ್ಲಿ ಒಪ್ಪಿದೆವು. ಆದರೆ ಆಮ್ಲಜನಕದ ಘಟಕದಲ್ಲಿ, ಗಾಯದ ಪಟ್ಟಿಯಲ್ಲಿ, ಕೃತಕ ಕಾಲಿನಲ್ಲಿ ಶತ್ರುವಿಗೆ ತಿಳಿಯಬಾರದ ಗುಟ್ಟೇನಿದೆ? ಇದ್ದರೆ ಇಂಥ ಕಾರಣವೆಂದು ಬರೆದು ಕೊಡಲಿ. ಎರಡನೆಯದು, ಬೇಡಿಕೆ ಇದ್ದರೆ ಪೇಟೆಯೇ ಇದನ್ನೆಲ್ಲ ತಂದುಕೊಡುತ್ತದೆ, ಸರಕಾರ ಕೈ ಹಾಕಬಾರದೆಂಬುದು. ಹಾಗಾದರೆ ಚಾಮರಾಜನಗರದಲ್ಲಿ ಬೇಡಿಕೆ ಇರಲಿಲ್ಲವೆ? ಆ 24 ಜನರಿಗೆ ಉಸಿರು ಬೇಕಾಗಿತ್ತು. ಅವರ ಕಿಸೆಯಲ್ಲಿ ಪೇಟೆಗೆ ತೋರಿಸುವ ಹಣ ಇರಲಿಲ್ಲ. ಕಿಸೆ ಬರಿದಾದವನ ಬೇಡಿಕೆ ಪೇಟೆಯ ಕಿವಿಗೆ ಬೀಳುವುದಿಲ್ಲ. ಅದನ್ನು ಕೇಳಿಸಿಕೊಳ್ಳಲೆಂದೇ ಸರಕಾರವೆಂಬುದನ್ನು ನಾವು ಇಟ್ಟುಕೊಂಡಿದ್ದೇವೆ.

ಆದುದರಿಂದ ನಮ್ಮ ಬೇಡಿಕೆಗಳು ಇಷ್ಟು:

1. ಸೈನ್ಯದ ಹಣದಿಂದ ರೂಪುಗೊಂಡ ಪ್ರತಿಯೊಂದು ವೈದ್ಯಕೀಯ ಸಾಧನವನ್ನು, ಅದು ಸಿದ್ಧವಾದ ಎರಡು ವರುಷಗಳೊಳಗೆ ಸರಕಾರಿ ದವಾಖಾನೆಗಳಿಗೆ ಒದಗಿಸುವ ಯೋಜನೆ ಆಗಬೇಕು. ಒದಗಿಸಲಾಗದಿದ್ದರೆ ಕಾರಣವನ್ನು ಪಾರ್ಲಿಮೆಂಟಿನ ಮುಂದೆ ಇಡಬೇಕು. ಬೆಲೆಯ ಮಿತಿಯನ್ನು ಅನುದಾನದ ಕರಾರಿನಲ್ಲಿಯೇ ಬರೆಯಬೇಕು.

2. ರಕ್ಷಣಾ ಸಂಶೋಧನೆಯ ಹಣದಲ್ಲಿ ಸಣ್ಣ ಉದ್ಯಮಗಳ ಪಾಲನ್ನು, ದೊಡ್ಡ ಕಂಪನಿಗಳಿಂದ ಬೇರ್ಪಡಿಸಿ, ಕಾಯದೆಯಿಂದ ನಿಗದಿ ಮಾಡಬೇಕು. ಆರೋಗ್ಯ ಇಲಾಖೆಗೂ ಅಂಥದೇ ಕಟ್ಟಳೆ ಬೇಕು.

3. ಸಂಶೋಧನೆ ಮಾಡಿದ ಸಣ್ಣ ಕಾರಖಾನೆಗೆ ಮೊದಲ ಆರ್ಡರಿನಲ್ಲಿ ನಿಶ್ಚಿತ ಪಾಲು ಸಿಗಬೇಕು. ಬಂಡವಾಳವಿಲ್ಲದವನಿಗೆ ಅರ್ಧ ಖರ್ಚಿನ ಕರಾರನ್ನು ಸಡಿಲಿಸಬೇಕು. 45 ದಿನಗಳಲ್ಲಿ ಬಿಲ್ಲು ಸಲ್ಲದಿದ್ದರೆ ಬಡ್ಡಿ ಕೇಳದೆಯೇ ಜಮೆಯಾಗಬೇಕು.

4. ಅನುದಾನ ಪಡೆದ ಕಾರಖಾನೆಯಲ್ಲಿ ಪ್ರತಿಯೊಬ್ಬ ಕಾಮಗಾರನಿಗೆ ಕೆಲಸದ ಪತ್ರ, ಭವಿಷ್ಯ ನಿಧಿ, ಇಎಸ್‌ಐ ಇರಬೇಕು.

5. ಹುಬ್ಬಳ್ಳಿ-ಧಾರವಾಡದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇದೆ, ಐಐಟಿ ಇದೆ, ಇಂಜಿನಿಯರಿಂಗ್ ವಿದ್ಯಾಸಂಸ್ಥೆಗಳಿವೆ, ವಾಲ್ವಿನ ಕಾರಖಾನೆಗಳಿವೆ. ಇವು ನಾಲ್ಕನ್ನೂ ಕೂಡಿಸಿ, ಸಣ್ಣವರು ತಮ್ಮ ಸಾಧನಗಳನ್ನು ಕಡಿಮೆ ಶುಲ್ಕದಲ್ಲಿ ಪರೀಕ್ಷಿಸಿಕೊಳ್ಳುವ ಒಂದು ಸಾರ್ವಜನಿಕ ಪ್ರಯೋಗಾಲಯ ಇಲ್ಲಿ ಆಗಬೇಕು.

6. ಯಂತ್ರ ಬರುವ ಮುನ್ನ ಅದನ್ನು ನಡೆಸುವ, ದುರಸ್ತಿ ಮಾಡುವ ತಂತ್ರಜ್ಞರ ಹುದ್ದೆಗಳನ್ನು ದವಾಖಾನೆಗಳಲ್ಲಿ ತುಂಬಬೇಕು.

ಇವುಗಳಲ್ಲಿ ಒಂದೂ ಆಗದ ಮಾತಲ್ಲ. 2020ರಲ್ಲಿ, 2021ರಲ್ಲಿ ಅಂಜಿಕೆ ಹುಟ್ಟಿದಾಗ ಸರಕಾರವೇ ಇವುಗಳಲ್ಲಿ ಅರ್ಧವನ್ನು ವಾರಗಳಲ್ಲಿ ಮಾಡಿ ತೋರಿಸಿದೆ. ಅಂಜಿಕೆಯಿಂದ ಮಾಡಿದ್ದನ್ನು ನಿಯಮದಿಂದ ಮಾಡಲಿ ಎಂಬುದಷ್ಟೇ ನಮ್ಮ ಕೇಳಿಕೆ. ಕಾಮಗಾರ ಸಂಘಗಳು ಮುಂದಿನ ಸಭೆಯಲ್ಲಿ ಈ ಆರು ಮಾತುಗಳ ಮೇಲೆ ಠರಾವು ಮಾಡಲಿ. ವ್ಯಾಪಾರಸ್ಥರ ಸಂಘಗಳು, ಸಣ್ಣ ಕಾರಖಾನೆದಾರರ ಸಂಘಗಳು ಅದಕ್ಕೆ ಸಹಿ ಹಾಕಲಿ. ಈ ವಿಷಯದಲ್ಲಿ ಅವರ ಹಿತ ಕಾಮಗಾರರ ಹಿತಕ್ಕಿಂತ ಬೇರೆಯಲ್ಲ. ಶಾಸಕರು, ಲೋಕಸಭೆಯ ಸದಸ್ಯರು ಮತ ಕೇಳಲು ನಮ್ಮ ಓಣಿಗೆ ಬಂದಾಗ ಅವರ ಮುಂದೆ ಆ ಠರಾವನ್ನು ಇಟ್ಟು ಒಂದೇ ಪ್ರಶ್ನೆ ಕೇಳೋಣ: ನಮ್ಮ ಹಣದಿಂದ ವಿಮಾನದಲ್ಲಿ ತಯಾರಾಗುವ ಉಸಿರು ನಮ್ಮ ಜಿಲ್ಲಾ ಆಸ್ಪತ್ರೆಯ ಹಾಸಿಗೆಗೆ ಯಾವ ತಾರೀಖಿಗೆ ಬರುತ್ತದೆ?